ಲೈನು, ಮೈನು, ಫೈನು

ಕಳಸದ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದ ಕಾಲದ ಮಾತು. 2004ರ ಮಳೆಗಾಲ. ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠ ಕೇಳಿಸದ ದಿನಗಳಲ್ಲಿ ನಾನು ಕಪ್ಪು ಹಲಗೆಯ ಮೇಲೆ ಒಂದು ಶಬ್ದ ಬರೆದು, ಅದಕ್ಕೆ ಪ್ರಾಸವಾಗುವ ಶಬ್ದಗಳನ್ನು ಪಟ್ಟಿ ಮಾಡಿ, ಒಂದೊಂದನ್ನೂ ವಾಕ್ಯದಲ್ಲಿ ಬಳಸಿ ಎಂದು ಹೇಳಿ ಕುಳಿತುಬಿಡುತ್ತಿದ್ದೆ. ಮೇಷ್ಟ್ರ ಗಂಟಲಿಗೆ ಬಹಳ ಅನುಕೂಲವಾದ ಅಭ್ಯಾಸ ಅದು. ಆ ದಿನದ ಶಬ್ದ ‘ಲೈನ್’. ಮಕ್ಕಳು ಫೈನ್, ಮೈನ್, ನೈನ್, ಪೈನ್ ಎಂದು ಬರೆದರು. ಹಿಂದಿನ ಬೆಂಚಿನ ಒಬ್ಬ ‘ವೈನ್’ ಎಂದಾಗ ತರಗತಿ ನಕ್ಕಿತು.

ಪುಸ್ತಕ ತಿದ್ದುವಾಗ ಎರಡು ವಾಕ್ಯಗಳು ಸಿಕ್ಕವು. ಒಬ್ಬ ಹುಡುಗ ಬರೆದಿದ್ದ: ‘ಮೈ ಫಾದರ್ ಈಸ್ ಮೈನ್.’ ಒಬ್ಬ ಹುಡುಗಿ ಬರೆದಿದ್ದಳು: ‘ದಿಸ್ ಲೈನ್ ಈಸ್ ನಾಟ್ ಮೈನ್.’ ಮೊದಲನೆಯದನ್ನು ನಾನು ಗಟ್ಟಿಯಾಗಿ ಓದಿ, ‘ನಿಮ್ಮಪ್ಪ ನಿನಗಲ್ಲದೆ ಇನ್ನಾರಿಗೆ ಅಪ್ಪ ಮಾರಾಯಾ?’ ಎಂದೆ. ಎಲ್ಲರೂ ನಕ್ಕರು, ಅವನೊಬ್ಬ ನಗಲಿಲ್ಲ. ಎರಡನೆಯದರ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಲೈನ್ ಎಂದರೆ ಗೆರೆ. ಗೆರೆ ನಿನ್ನದಲ್ಲ ಎಂದರೆ ಏನರ್ಥ?’ ಎಂದು ಬರೆದೆ. ವ್ಯಾಕರಣದ ದೃಷ್ಟಿಯಿಂದ ಹುಡುಗಿಯ ವಾಕ್ಯದಲ್ಲಿ ಒಂದು ತಪ್ಪೂ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹುಡುಗನ ತಂದೆ ಕುದುರೆಮುಖದ ಗಣಿಯಲ್ಲಿ ಕಂಟ್ರಾಕ್ಟ್ ಕೆಲಸಗಾರ. ಆ ಕಡೆಯ ಜನ ‘ಅವರು ಮೈನಲ್ಲಿದ್ದಾರೆ’ ಎಂದೇ ಹೇಳುತ್ತಿದ್ದರು. ಹುಡುಗ ‘ಇನ್ ದ’ ಎಂಬೆರಡು ಪದಗಳನ್ನು ಬಿಟ್ಟಿದ್ದ, ಅಷ್ಟೇ. ಹುಡುಗಿಯ ತಾಯಿ ಕಾಫಿ ಎಸ್ಟೇಟಿನ ಕೂಲಿ, ಅವರಿದ್ದದ್ದು ಲೈನಿನಲ್ಲಿ. ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ, ಒಂದು ಕೋಣೆ ಒಂದು ಅಡುಗೆಮನೆಯ ಆ ಮನೆಗಳಿಗೆ ಚಿಕ್ಕಮಗಳೂರಿನಿಂದ ಕೊಡಗಿನವರೆಗೆ ಇರುವ ಹೆಸರು ಅದೊಂದೇ. 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ವಸತಿ ಕೊಡುವುದು ಮಾಲೀಕನ ಹೊಣೆ ಎಂದಿತು. ಆದರೆ ಕೆಲಸ ಇರುವವರೆಗೆ ಮನೆ, ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು. ಹದಿಮೂರು ವರ್ಷದ ಹುಡುಗಿ ಇದನ್ನು ಐದೇ ಶಬ್ದಗಳಲ್ಲಿ ಹೇಳಿದ್ದಳು. ನಾನು ಅದಕ್ಕೆ ಸೊನ್ನೆ ಕೊಟ್ಟಿದ್ದೆ.

ಇಂಗ್ಲಿಷಿನ ಪ್ರಾಸ ನಮ್ಮ ಮಕ್ಕಳಿಗೆ ಕಷ್ಟವಾಗುವುದಕ್ಕೆ ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಕನ್ನಡದಲ್ಲಿ ಕಿವಿಗೆ ಕೇಳಿದ ಪ್ರಾಸ ಕಣ್ಣಿಗೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಕಿವಿಗೂ ಕಣ್ಣಿಗೂ ಜಗಳ. ಕಾಫ್, ಬೌ, ದೋ, ಥ್ರೂ, ಈ ನಾಲ್ಕರ ಬಾಲದಲ್ಲೂ ಇರುವುದು ಒ, ಯು, ಜಿ, ಎಚ್. ಆದರೆ ಯಾವ ಎರಡೂ ಪ್ರಾಸವಾಗುವುದಿಲ್ಲ. ‘ಸೈನ್’ ಎಂಬುದು ‘ಲೈನ್’ಗೆ ಪ್ರಾಸ, ಅದರ ನಡುವೆ ಜಿ ಎಂಬ ಅಕ್ಷರ ಏಕೆ ಅಡಗಿ ಕುಳಿತಿದೆ ಎಂದು ಕೇಳುವ ಮಗುವಿಗೆ ಲ್ಯಾಟಿನ್ನಿನಿಂದ ಉತ್ತರ ಹೇಳಬೇಕು.

ಇದು ಬಾಯಿಪಾಠದಿಂದ ದಾಟಬಹುದಾದ ಕಷ್ಟ. ಅರ್ಥದ ಕಷ್ಟ ಹಾಗಲ್ಲ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ‘ಸೆಟ್’ ಎಂಬ ಮೂರಕ್ಷರದ ಕ್ರಿಯಾಪದವೊಂದಕ್ಕೇ 430 ಅರ್ಥಗಳಿದ್ದವು. ನಮ್ಮ ಪಂಪ್‌ಸೆಟ್ಟು, ಟೀವಿ ಸೆಟ್ಟು, ‘ಕೆಲಸ ಸೆಟ್ಟಾಯಿತು’ ಎಂಬ ಸಮಾಧಾನ, ಇವೆಲ್ಲ ಹೇಗೋ ಆ ಲೆಕ್ಕದ ಆಸುಪಾಸಿಗೆ ಬಂದಾವು. ಸೆಟ್ ದೋಸೆಯನ್ನು ಮಾತ್ರ ಆ ಪಂಡಿತರು ಸೇರಿಸಿರಲಾರರು.

ಆ ದಿನದ ಶಬ್ದಗಳನ್ನೇ ಬಿಡಿಸಿ ನೋಡಿ. ‘ಲೈನ್’ ಹುಟ್ಟಿದ್ದು ಅಗಸೆ ನಾರಿನ ದಾರಕ್ಕಿದ್ದ ಲ್ಯಾಟಿನ್ ಹೆಸರಿನಿಂದ. ದಾರ ಎಳೆದರೆ ಗೆರೆ, ಗೆರೆಯಂತೆ ಕಟ್ಟಿದರೆ ಮನೆಗಳ ಸಾಲು; ಅದೇ ದಾರ ಈಗ ಕರೆಂಟಿನ ಕಂಬದ ಮೇಲಿದೆ, ಟೆಲಿಫೋನಿನಲ್ಲಿದೆ, ಹುಡುಗಿಯರ ಹಿಂದೆ ಸುತ್ತುವ ಪಡ್ಡೆಗಳು ‘ಲೈನ್ ಹೊಡೆಯುವ’ಲ್ಲಿಯೂ ಇದೆ. ‘ಫೈನ್’ ಎಂದರೆ ಚೆನ್ನ, ‘ಫೈನ್’ ಎಂದರೆ ದಂಡ. ಎರಡರ ಮೂಲವೂ ‘ಕೊನೆ’ ಎಂಬರ್ಥದ ಲ್ಯಾಟಿನ್ ಪದವೊಂದೇ. ವ್ಯಾಜ್ಯ ಕೊನೆಗಾಣಿಸಲು ಕೊಟ್ಟ ಹಣ ದಂಡವಾಯಿತು, ಕೊನೆಯ ಮೆರುಗು ಪಡೆದ ವಸ್ತು ಚೆನ್ನಾಯಿತು. ಬೆಳಿಗ್ಗೆ ನಾನು ಒಳಗೆ ಬರುತ್ತಲೇ ಎದ್ದುನಿಂತು ‘ವಿ ಆರ್ ಫೈನ್, ಸಾರ್’ ಎಂದು ರಾಗವಾಗಿ ಹೇಳುತ್ತಿದ್ದ ಮಕ್ಕಳಲ್ಲಿ ಕೆಲವರ ಮನೆಯವರಿಗೆ, ಕಾಡಿನಿಂದ ಸೌದೆ ತಂದದ್ದಕ್ಕೆ ‘ಫೈನ್’ ಬಿದ್ದ ಅನುಭವವಿತ್ತು. ಅವರಿಗೆ ಈ ಶಬ್ದದ ಎರಡನೆಯ ಅರ್ಥವೇ ಮೊದಲು ಗೊತ್ತಿದ್ದದ್ದು.

ತರಗತಿಯನ್ನು ನಗಿಸಿದ ‘ವೈನ್’ ಇನ್ನೂ ಸ್ವಾರಸ್ಯದ್ದು. ಇಂಗ್ಲಿಷಿನ ಎರಡು ಬೇರೆ ಶಬ್ದಗಳು, ಒಂದು ಬಳ್ಳಿ, ಇನ್ನೊಂದು ಮದ್ಯ, ನಮ್ಮ ಒಂದೇ ‘ವ’ಕಾರದಲ್ಲಿ ಕೂಡಿಕೊಳ್ಳುತ್ತವೆ. ಹುಡುಗ ಹೇಳಿದ್ದು ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯನ್ನು. ತರಗತಿ ಕೇಳಿಸಿಕೊಂಡದ್ದು ಪೇಟೆಯ ‘ವೈನ್ಸ್’ ಬೋರ್ಡನ್ನು. (ಆ ಬೋರ್ಡಿನ ಅಂಗಡಿಯಲ್ಲಿ ವೈನೊಂದನ್ನು ಬಿಟ್ಟು ಮಿಕ್ಕೆಲ್ಲವೂ ಬಿಕರಿಯಾಗುತ್ತದೆ ಎಂಬುದು ಬೇರೆ ಮಾತು.) ಆದರೆ ಈ ಎರಡು ಶಬ್ದಗಳೂ ಒಂದೇ ಲ್ಯಾಟಿನ್ ಬೇರಿನವು. ಬಳ್ಳಿಗೂ ಮದ್ಯಕ್ಕೂ ಭೇದವೆಣಿಸದ ಕನ್ನಡದ ನಾಲಗೆ, ತಿಳಿಯದೆಯೇ ಮೂಲಕ್ಕೆ ನಿಷ್ಠವಾಗಿದೆ ಎನ್ನಬಹುದೇನೋ.

ಪ್ರಾಸದ ಮಾತು ಬಂದಾಗ ಕನ್ನಡಿಗರು ಸುಮ್ಮನಿರುವಂತಿಲ್ಲ. ನಮ್ಮದು ಸಾವಿರ ವರ್ಷಕ್ಕೂ ಮೇಲ್ಪಟ್ಟ ಪ್ರಾಸಪ್ರೀತಿ. ಆದರೆ ಅದು ಪಾದದ ಕೊನೆಯದಲ್ಲ, ಪಾದದ ಎರಡನೆಯ ಅಕ್ಷರದ ಪ್ರಾಸ. ಲಾಕ್ಷಣಿಕರು ಅದಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಆರು ಪ್ರಾಣಿಗಳ ಹೆಸರಿಟ್ಟರು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ಬಿಟ್ಟು ಬರೆದಾಗ ದೊಡ್ಡ ವಿವಾದವೇ ಎದ್ದಿತು. 1920ರ ದಶಕದಲ್ಲಿ ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದ ಮೇಲೆ ಅಂತ್ಯಪ್ರಾಸ ನಮ್ಮದೇ ಎನ್ನುವಷ್ಟು ಒಗ್ಗಿಹೋಯಿತು. ಮಲೆನಾಡಿನ ಬಾಯಿ ಇಂಗ್ಲಿಷ್ ಶಬ್ದಕ್ಕೆ ಒಂದು ಉಕಾರ ಅಂಟಿಸಿ ಲೈನು, ಮೈನು, ಫೈನು ಎನ್ನುವಾಗ ಹಳೆಯ ಲೆಕ್ಕಕ್ಕೂ ಸರಿಹೋಗುತ್ತದೆ: ದೀರ್ಘಾಕ್ಷರದ ಮುಂದೆ ಬಂದ ‘ನ’ಕಾರ, ಅಪ್ಪಟ ಗಜಪ್ರಾಸ.

ಕಾಫಿ ಸೀಮೆಯಲ್ಲಿ ಪ್ರಾಸ ಬರಿಯ ಕಿವಿಯ ಸುಖವಲ್ಲ ಎಂದು ನನಗೆ ತಿಳಿದದ್ದು ‘ಶವರ್’ ಎಂಬ ಶಬ್ದದಿಂದ. ಪಠ್ಯಪುಸ್ತಕದ ಪಟ್ಟಿಯಲ್ಲಿ ಶವರ್, ಫ್ಲವರ್, ಪವರ್ ಎಂದಿತ್ತು. ಬಚ್ಚಲಿನ ತೂತುಬಿಲ್ಲೆಯ ಚಿತ್ರವನ್ನು ನಾನು ಹಲಗೆಯ ಮೇಲೆ ಬರೆದು ತೋರಿಸುತ್ತಿದ್ದೆ. ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಮೀಯುವ ಮಕ್ಕಳು ಅದನ್ನು ಕಂಡವರಲ್ಲ. ಆದರೆ ಶವರ್ ಎಂದರೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವಾಗಲೋ ಬೀಳುವ ಹೂಮಳೆ ‘ಬ್ಲಾಸಮ್ ಶವರ್’. ಅದು ಬಿದ್ದು ಎಂಟು ಹತ್ತು ದಿನಕ್ಕೆ ಗುಡ್ಡವೆಲ್ಲ ಬೆಳ್ಳಗಾಗಿ ಮಲ್ಲಿಗೆಯಂತಹ ಪರಿಮಳ. ಅದರ ಹಿಂದೆ ಎರಡು ಮೂರು ವಾರದಲ್ಲಿ ಬರಬೇಕಾದದ್ದು ‘ಬ್ಯಾಕಿಂಗ್ ಶವರ್’. ಅದು ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಶವರಿಗೂ ಫ್ಲವರಿಗೂ ಇಲ್ಲಿರುವುದು ಪ್ರಾಸದ ನಂಟು ಮಾತ್ರವಲ್ಲ. ಕಾರ್ಯಕಾರಣದ ನಂಟು, ಎಸ್ಟೇಟಿನ ಕೂಲಿಯ ದಿನಗಳನ್ನು ನಿರ್ಧರಿಸುವ ನಂಟು. ಆ ಮಳೆಯನ್ನು ಬೆಳೆಗಾರರು ಅಳೆಯುವುದು ಇಂಚು ಮತ್ತು ಸೆಂಟುಗಳಲ್ಲಿ. ನೂರು ಸೆಂಟಿಗೆ ಒಂದು ಇಂಚು ಮಳೆ, ನೂರು ಸೆಂಟಿಗೆ ಒಂದು ಎಕರೆ ಜಮೀನು, ಮದುವೆಮನೆಯಲ್ಲಿ ಮೈಗೆ ಹಚ್ಚಿಕೊಳ್ಳುವುದೂ ಸೆಂಟೇ.

ಹೀಗೆ ಹುಡುಕುತ್ತಾ ಹೋದರೆ ತೋಟದೊಳಗೆ ಒಂದು ಸಣ್ಣ ಇಂಗ್ಲಿಷ್ ನಿಘಂಟೇ ಇದೆ. ಗಿಡದಲ್ಲಿ ಕೆಂಪಾದ ಹಣ್ಣು ಬೆರ್ರಿ. ಅದನ್ನು ಹಾಗೆಯೇ ಕಣದಲ್ಲಿ ಒಣಗಿಸಿದರೆ ಚೆರಿ. ಪಲ್ಪರ್‌ಗೆ ಹಾಕಿ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಮೂಲ ಇಂಗ್ಲಿಷಿನಲ್ಲಿ ಪಾರ್ಚ್‌ಮೆಂಟ್ ಎಂದರೆ ಬರೆಯಲು ಹದಮಾಡಿದ ಚರ್ಮ, ಪರ್ಗಮಮ್ ಎಂಬ ಪ್ರಾಚೀನ ನಗರದ ಹೆಸರಿನದು. ಸಹಿ ಹಾಕಲು ಹೆಬ್ಬೆಟ್ಟೊತ್ತುವ ಹೆಂಗಸು ದಿನವಿಡೀ ಪಾರ್ಚ್‌ಮೆಂಟ್ ಕೈಯಾಡಿಸುತ್ತಾಳೆ. ‘ನರ್ಸರಿ’ ಎಂದರೆ ಇಲ್ಲಿ ಪುಟ್ಟ ಮಕ್ಕಳ ಶಾಲೆಗಿಂತ ಮೊದಲು ಕಾಫಿ ಸಸಿಯ ಮಡಿ. ಬೀಜದ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತು ಮೇಲೇಳುವ ಮೊಳಕೆಯ ಹಂತಕ್ಕೆ ಕಾಫಿ ಮಂಡಳಿಯ ಇಂಗ್ಲಿಷ್ ಪ್ರಕಟಣೆಗಳಲ್ಲಿಯೂ ‘ಟೋಪಿ’ ಎಂದೇ ಹೆಸರು. ‘ಬೋರ್’ ಎಂದರೆ ಬೇಸರ, ಬೋರ್ ಎಂದರೆ ಕೊಳವೆ ಬಾವಿ. ‘ಬೋರರ್’ ಎಂದರೆ ಅರೇಬಿಕಾ ಕಾಂಡವನ್ನು ಕೊರೆದು ಗಿಡವನ್ನೇ ಒಣಗಿಸುವ ಹುಳು. ಸ್ಕೂಲ್, ಫೂಲ್, ಕೂಲ್ ಎಂಬ ಪಟ್ಟಿಯಲ್ಲಿ ‘ಪೂಲ್’ ಬಂದಾಗ ಬೆಳೆಗಾರರ ಮಕ್ಕಳಿಗೆ ಈಜುಕೊಳ ನೆನಪಾಗುತ್ತಿರಲಿಲ್ಲ; ಬೆಳೆದ ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಿ ಕಂತುಗಳಲ್ಲಿ ಹಣ ಪಡೆಯುತ್ತಿದ್ದ, 1996ರ ವೇಳೆಗೆ ಪೂರ್ತಿಯಾಗಿ ಮುಗಿದ ಆ ಪದ್ಧತಿಯ ಬಗ್ಗೆ ಅಪ್ಪಂದಿರು ಆಡುತ್ತಿದ್ದ ಮಾತು ನೆನಪಾಗುತ್ತಿತ್ತು.

ಈಗ ಅಸ್ಸಾಮಿನಿಂದ ಬಂದ ಕುಟುಂಬಗಳು ಮೂಡಿಗೆರೆ, ಕಳಸದ ಲೈನುಗಳಲ್ಲಿವೆ. ಅವರಿಗೆ ಕನ್ನಡ ಬಾರದು, ಮೇಸ್ತ್ರಿಗೆ ಅವರ ಭಾಷೆ ಬಾರದು. ಬೆರ್ರಿ, ಬ್ಯಾಗು, ಲೈನು, ಟೈಮು ಎಂಬ ಹತ್ತಿಪ್ಪತ್ತು ಶಬ್ದಗಳ ಮೇಲೆ ಕೊಯ್ಲು ನಡೆಯುತ್ತದೆ. (ಮೇಸ್ತ್ರಿ ಎಂಬುದು ಪೋರ್ಚುಗೀಸರಿಂದ ಬಂದದ್ದು, ಅದನ್ನಂತೂ ಎಲ್ಲರೂ ಬಲ್ಲರು.)

ಈ ಮಕ್ಕಳಿಗೆ ಇಂಗ್ಲಿಷ್ ಬಾರದು ಎಂದು ನಾವು ಹೇಳುತ್ತೇವೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುವಾದಾಗ ಪರ ವಿರೋಧದ ಚರ್ಚೆ ಈ ಪುಟಗಳಲ್ಲೂ ಸಾಕಷ್ಟು ನಡೆಯಿತು. ನಾನು ಪರವಾಗಿಯೇ ಇದ್ದೆ. ಆದರೆ ಆ ಚರ್ಚೆಯಲ್ಲಿ ಮಗು ಮನೆಯಿಂದ ಹೊತ್ತು ತರುವ ಇಂಗ್ಲಿಷನ್ನು ಏನು ಮಾಡಬೇಕು ಎಂದು ನನ್ನನ್ನೂ ಸೇರಿಸಿ ಯಾರೂ ಕೇಳಿದ ನೆನಪಿಲ್ಲ. ಲಂಡನ್ನಿನ ಸೇತುವೆ ಬೀಳುವ ಪದ್ಯವನ್ನು ಅರ್ಥ ತಿಳಿಯದೆ ಹಾಡಿದರೆ ನಾವು ಚಪ್ಪಾಳೆ ತಟ್ಟುತ್ತೇವೆ. ‘ಚೆರಿ’ ಎಂದರೆ ಒಣಗಿದ ಕಾಫಿ ಎಂದು ಬರೆದರೆ ತಪ್ಪು ಗುರುತು ಹಾಕುತ್ತೇವೆ. ದಿನಪತ್ರಿಕೆಯ ಧಾರಣೆ ಪಟ್ಟಿಯಲ್ಲಿ ಐವತ್ತು ಕಿಲೋ ಚೀಲಕ್ಕೆ ಇಷ್ಟು ಎಂದು ಅಚ್ಚಾಗುವ ‘ಅರೇಬಿಕಾ ಚೆರಿ’ಯ ಅರ್ಥವೂ ಅದೇ ಎಂಬುದು ಪರೀಕ್ಷಕರಿಗೆ ಲೆಕ್ಕಕ್ಕಿಲ್ಲ.

ಹುಡುಗನ ವಿಷಯಕ್ಕೆ ಬರುತ್ತೇನೆ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇರಾನಿಗೆ ಅದಿರು ಕೊಡಲೆಂದು ಹುಟ್ಟಿದ್ದು. 1979ರ ಕ್ರಾಂತಿಯ ನಂತರ ಆ ದೇಶ ಕೈಬಿಟ್ಟರೂ ಬೇರೆ ಗಿರಾಕಿಗಳನ್ನು ಹಿಡಿದು ಗಣಿ ನಡೆಯಿತು. ಬೆಟ್ಟವನ್ನು ಪುಡಿಮಾಡಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸುತ್ತಿದ್ದರು. 2002ರಲ್ಲಿ ಸುಪ್ರೀಂ ಕೋರ್ಟ್, 2005ರ ಕೊನೆಗೆ ಗಣಿಗಾರಿಕೆ ನಿಲ್ಲಬೇಕೆಂದು ತೀರ್ಪು ಕೊಟ್ಟಿತು. ನಿಂತಿತು. ಭದ್ರೆಯ ನೀರು ಕುಡಿದವನಾಗಿ ನಾನು ಆ ತೀರ್ಪನ್ನು ಒಪ್ಪಿದವನೇ; ಈಗಲೂ ಒಪ್ಪುತ್ತೇನೆ. ಆದರೆ ಕಾಡು ಯಾರದು, ಬೆಟ್ಟ ಯಾರದು ಎಂಬ ವಾದಗಳ ನಡುವೆ ‘ಮೈನ್’ ಎಂಬ ಶಬ್ದಕ್ಕೆ ‘ನನ್ನ ಅಪ್ಪನ ಕೆಲಸ’ ಎಂಬ ಮೂರನೆಯ ಅರ್ಥವೂ ಇದೆ ಎಂದು ತೋರಿಸಿಕೊಟ್ಟವನು ಹಿಂದಿನ ವರ್ಷದ ಆ ಹುಡುಗ. 2006ರ ಜೂನ್‌ನಲ್ಲಿ ಶಾಲೆ ತೆರೆದಾಗ ಅವನು ಬರಲಿಲ್ಲ. ವರ್ಗಾವಣೆ ಪತ್ರದಲ್ಲಿ ಶಾಲೆ ಬಿಡಲು ಕಾರಣ ಎಂಬಲ್ಲಿ ‘ತಂದೆಯ ವರ್ಗಾವಣೆ’ ಎಂದು ಬರೆಯಲಾಗಿತ್ತು. ಕಂಟ್ರಾಕ್ಟ್ ಕೆಲಸಗಾರನಿಗೆ ವರ್ಗಾವಣೆ ಎಂಬುದಿರುವುದಿಲ್ಲ. ಅದನ್ನು ಓದಿದ ಮೇಲೂ ನಾನು ಸುಮ್ಮನಿದ್ದೆ. ಎಲ್ಲಿಗೆ ಹೋದರೆಂದು ಯಾರನ್ನೂ ವಿಚಾರಿಸಲಿಲ್ಲ.

ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಫೇಲಾದಳು. ಮತ್ತೆ ಕಟ್ಟಲಿಲ್ಲ, ಆ ಡಿಸೆಂಬರಿನಲ್ಲಿ ತಾಯಿಯ ಜೊತೆ ಹಣ್ಣು ಕೊಯ್ಯಲು ಹೋದಳೆಂದು ಕೇಳಿದೆ. ನಿವೃತ್ತನಾದ ಮೇಲೆ ಒಮ್ಮೆ ಕಳಸೇಶ್ವರನ ದೇವಸ್ಥಾನದ ಮೆಟ್ಟಿಲ ಬಳಿ ಅವಳೇ ಗುರುತು ಹಿಡಿದು ಮಾತನಾಡಿಸಿದಳು. ಬಗಲಲ್ಲಿ ಮಗು, ಕೈಯಲ್ಲಿ ಹೂವು ಹಣ್ಣಿನ ಬುಟ್ಟಿ.

‘ಏನಮ್ಮಾ ಮಾಡ್ತಿದ್ದೀ ಈಗ?’

‘ರೈಟರ್ ಆಗಿದ್ದೀನಿ ಸಾರ್.’

ಕ್ಷಣಕಾಲ ನಾನು ಬೇರೆ ಏನನ್ನೋ ಅರ್ಥಮಾಡಿಕೊಂಡೆ. ಎಸ್ಟೇಟಿನಲ್ಲಿ ರೈಟರ್ ಎಂದರೆ ಹಾಜರಿ ಬರೆಯುವವರು, ಹಣ್ಣಿನ ತೂಕ ಬರೆಯುವವರು, ಕೂಲಿಯ ಲೆಕ್ಕ ಇಡುವವರು. ಅಲ್ಲಿಗೆ ಹೆಂಗಸರು ತಲುಪುವುದು ಅಪರೂಪ. ಮಸ್ಟರ್ ಪುಸ್ತಕ ಈಗ ಅವಳ ಕೈಯಲ್ಲಿದೆ. ಹೊಸ ತಿಂಗಳಿಗೆ ಹೊಸ ಹಾಳೆಗೆ ಸ್ಕೇಲು ಹಿಡಿದು ಅವಳೇ ಗೆರೆ ಹಾಕಬೇಕಂತೆ.

‘ನೀವೇ ಹೇಳಿದ್ರಲ್ಲ ಸಾರ್, ಲೈನ್ ಅಂದ್ರೆ ಗೆರೆ ಅಂತ’ ಎಂದು ನಕ್ಕಳು. ಅವಳಿಗೆ ಮರೆತಿರಲಿಲ್ಲ.

ಮನೆ ಎಲ್ಲಿ ಎಂದು ಕೇಳಿದೆ.

‘ಅದೇ ಲೈನಿನಲ್ಲಿ ಸಾರ್. ಮೊದಲು ಏಳನೇ ಮನೆ, ಈಗ ಎರಡನೇದು’ ಎಂದು ಹೇಳಿ, ಮಗುವನ್ನು ಇನ್ನೊಂದು ಬಗಲಿಗೆ ಬದಲಾಯಿಸಿಕೊಂಡು ಮೆಟ್ಟಿಲು ಹತ್ತಿದಳು.