ಅಂಗವಿಕಲರ ಪಿಂಚಣಿ: ಅರ್ಜಿ ತಿರಸ್ಕೃತವಾಗುವುದೇಕೆ?

ಅಂಗವೈಕಲ್ಯದ ಪ್ರಮಾಣಪತ್ರವಿದ್ದೂ ಪಿಂಚಣಿಯ ಅರ್ಜಿ ತಿರಸ್ಕೃತವಾಯಿತೆಂದು ಕೊರಗುವವರು ಅನೇಕರು. ಮುಖ್ಯ ಕಾರಣ, ಅಳತೆಗೋಲುಗಳು ಎರಡಿರುವುದು. 2016ರ ಹಕ್ಕುಗಳ ಕಾಯ್ದೆಯ ಮೀಸಲಾತಿಯಂಥ ಸವಲತ್ತುಗಳಿಗೆ ಶೇಕಡಾ 40ರಷ್ಟು ವೈಕಲ್ಯ ಸಾಕು. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿಗಾದರೋ ಶೇಕಡಾ 80 ಇರಬೇಕು, ಕುಟುಂಬವೂ ಬಡತನದ ರೇಖೆಯ ಕೆಳಗಿರಬೇಕು. ಇಷ್ಟಾಗಿಯೂ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ ಮಾತ್ರ!

ರಾಜ್ಯಗಳ ಯೋಜನೆಗಳಿಗೆ ಮಾನದಂಡಗಳು ಬೇರೆ. ವಾಸದ ದಾಖಲೆ ಆಯಾ ರಾಜ್ಯದ್ದೇ ಬೇಕಾಗುತ್ತದೆ. ಹೊರನಾಡಿನ ನಮ್ಮವರಿಗೆ ಹೆಸರೂ ಒಂದು ತೊಡಕು: ಊರಿನ ದಾಖಲೆಯಲ್ಲಿ ಇನಿಷಿಯಲ್, ಮುಂಬಯಿಯ ಆಧಾರ್‌ನಲ್ಲಿ ತಂದೆಯ ಹೆಸರು, ಮನೆತನದ ಹೆಸರು. ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಮೂರೂ ತಾಳೆಯಾಗದಿದ್ದರೆ ಅರ್ಜಿ ಪರಿಶೀಲನೆಯಲ್ಲೇ ನಿಂತುಬಿಡಬಹುದು. ವೈಕಲ್ಯದ ಪ್ರಮಾಣವನ್ನೇ ಕಡಿಮೆ ನಮೂದಿಸಿದ್ದಾರೆಂದು ತೋರಿದರೆ, ಕಾಯ್ದೆಯ 59ನೆಯ ಕಲಮಿನನ್ವಯ ರಾಜ್ಯದ ಮೇಲ್ಮನವಿ ಪ್ರಾಧಿಕಾರದ ಮೊರೆಹೋಗಬಹುದು.