ನಮ್ಮೂರು ಖಾನಾಪುರ

ಊರು ಯಾವುದೆಂದು ಕೇಳಿದವರಿಗೆ ನಾನು "ಖಾನಾಪುರ" ಎನ್ನುತ್ತೇನೆ. "ಗೋವಾದ ದಾರಿಯೊಳಗೆ ಬರತದಲ್ಲ, ಅದs ಏನು?" ಎಂಬುದು ಅವರ ಮುಂದಿನ ಪ್ರಶ್ನೆ. ಬೆಳಗಾವಿಯ ಶಿವಬಸವ ನಗರದಲ್ಲಿ ಕೋಣೆ ಹಿಡಿದು ಓದತೊಡಗಿ ಮೂರು ವರ್ಷಗಳಾಗುತ್ತ ಬಂದವು. ಈ ಪ್ರಶ್ನೆ ಮಾತ್ರ ಒಮ್ಮೆಯೂ ತಪ್ಪಿಲ್ಲ. ದಾರಿಯಲ್ಲಿ ಬರುವ ಊರೆಂದರೆ ಯಾರೂ ಇಳಿಯದ ಊರೆಂದೇ ಅರ್ಥ. ಒಮ್ಮೆ ಇಳಿದು ನೋಡಿದರೆ ಅಲ್ಲಿ ಏನೇನಿದೆ ಎಂಬುದನ್ನು ವಾಚಕ ಮಿತ್ರರ ಮುಂದಿಡಬೇಕೆಂಬ ಆಸೆ ನನಗೆ ಬಹಳ ದಿನಗಳಿಂದಲೂ ಇತ್ತು.

ಖಾನಾಪುರವು ಬೆಳಗಾವಿಯಿಂದ ದಕ್ಷಿಣಕ್ಕೆ ಸುಮಾರು 26 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯ ದಂಡೆಯ ಮೇಲಿದೆ. ಊರು ಚಿಕ್ಕದಾದರೂ ಇನ್ನೂರಕ್ಕೂ ಹೆಚ್ಚು ಹಳ್ಳಿಗಳ ತಾಲೂಕಿಗೆ ಇದೇ ಕಚೇರಿ, ಇದೇ ಸಂತೆ. ಊರ ಪಶ್ಚಿಮಕ್ಕೆ ನಡೆದರೆ ಗದ್ದೆ, ಗದ್ದೆಯಾಚೆ ಕಾಡು, ಕಾಡಿನಾಚೆ ಸಹ್ಯಾದ್ರಿ. ಪೂರ್ವಕ್ಕೆ ಬೀಡಿ, ಇಟಗಿಗಳ ಕಡೆ ಹೊರಟರೆ ಮರ ವಿರಳವಾಗುತ್ತ ಬಂದು ಎರೆಭೂಮಿ ಕಾಣಿಸಿಕೊಳ್ಳುತ್ತದೆ. ಮಲೆನಾಡೂ ಬಯಲುಸೀಮೆಯೂ ಒಂದೇ ತಾಲೂಕಿನಲ್ಲಿ! ಕಣಕುಂಬಿಯವರು ಗೊರಬು ಹೊತ್ತು ನಾಟಿ ಮಾಡುತ್ತಿರುವ ದಿನವೇ ಇಟಗಿಯವರು ಆಕಾಶ ನೋಡುತ್ತ ಕುಳಿತಿರುವುದುಂಟು.

ನೀರಿನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ತಿರುಗಿ, ಸುಮಾರು 300 ಕಿಲೋಮೀಟರು ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇದೇ ತಾಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ ಇಳಿದು, ಗೋವೆಯಲ್ಲಿ ಮಾಂಡವಿಯೆಂಬ ಹೆಸರು ಪಡೆದು, ಪಣಜಿಯ ಬಳಿ ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಒಂದೇ ತಾಲೂಕಿನ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆಯೆಂದಾಯಿತು. ಸವದತ್ತಿ ತಾಲೂಕಿನ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು ಹುಬ್ಬಳ್ಳಿ-ಧಾರವಾಡಗಳ ನಲ್ಲಿಗಳಿಗೆ ಹೋಗುವುದು ನಮ್ಮೂರಿನ ಮುಂದೆ ಹಾದುಹೋದ ನೀರೇ. ಕಳಸಾ ಮತ್ತು ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.90 ಟಿ.ಎಂ.ಸಿ. ನೀರು ತಿರುಗಿಸಲು 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಒಪ್ಪಿತು. ಈ ನೀರಿನ ಸಲುವಾಗಿ ಹುಬ್ಬಳ್ಳಿಯಲ್ಲಿ ಬಂದ್ ಆದವು, ಪಣಜಿಯಲ್ಲಿ ಭಾಷಣಗಳಾದವು. ಖಾನಾಪುರದ ಹೆಸರು ಆ ಗದ್ದಲದಲ್ಲಿ ಕೇಳಿಬಂದದ್ದು ಕಡಿಮೆಯೇ.

ಇತಿಹಾಸದ ಬಗ್ಗೆ ಹೇಳುವುದಾದರೆ ಊರಿಗಿಂತ ಊರಿನ ಸುತ್ತಲಿನ ಹಳ್ಳಿಗಳೇ ಹಿರಿಯವು. ಹತ್ತಿರದ ಹಲಸಿ ಕದಂಬರ ಕಾಲದ ಪಲಾಶಿಕಾ. ಬನವಾಸಿಯ ಅರಸ ಮೃಗೇಶವರ್ಮನು ತನ್ನ ತಂದೆಯ ನೆನಪಿಗಾಗಿ ಅಲ್ಲಿ ಜಿನಾಲಯ ಕಟ್ಟಿಸಿದ ಸಂಗತಿ ತಾಮ್ರಪಟಗಳಿಂದ ತಿಳಿದುಬರುತ್ತದೆ. ಈಗ ಪ್ರವಾಸಿಗರು ನೋಡುವ ಭೂವರಾಹ ನರಸಿಂಹ ದೇವಾಲಯ ಗೋವೆಯ ಕದಂಬರ ಕಾಲದ್ದು. ಇನ್ನು ನಂದಗಡ. ಸಂಗೊಳ್ಳಿ ರಾಯಣ್ಣನನ್ನು ಆಂಗ್ಲರು 1831ರ ಜನವರಿ 26ರಂದು ಗಲ್ಲಿಗೇರಿಸಿದ್ದು ಅಲ್ಲಿಯೇ. ಅವನ ಸಮಾಧಿಯ ಮೇಲಿನ ಆಲದ ಮರಕ್ಕೆ ಈಗಲೂ ಜನ ಹರಕೆ ಹೊತ್ತು ತೊಟ್ಟಿಲು ಕಟ್ಟುತ್ತಾರೆ.

1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯ ಜೊತೆಗೆ ನಮ್ಮೂರೂ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಬೆಳಗಾವಿ ನಗರ ಇಲ್ಲಿಯೇ ಇರಲಿ, ನಿಪ್ಪಾಣಿ, ನಂದಗಡ, ಖಾನಾಪುರಗಳು ಮಹಾರಾಷ್ಟ್ರಕ್ಕೆ ಹೋಗಲಿ ಎಂದಿತು. ಮಹಾರಾಷ್ಟ್ರವು ಆ ವರದಿಯನ್ನು ಒಪ್ಪದೆ 2004ರಲ್ಲಿ ಸುಪ್ರೀಮ್ ಕೋರ್ಟಿನ ಮೆಟ್ಟಿಲು ಹತ್ತಿತು. ಆಯೋಗದ ಮಾತು ನಡೆದಿದ್ದರೆ, 26 ಕಿಲೋಮೀಟರು ದೂರದ ಈ ಕಾಲೇಜಿಗೆ ನಾನು ಪರರಾಜ್ಯದ ವಿದ್ಯಾರ್ಥಿಯಾಗಿ ಬರಬೇಕಾಗುತ್ತಿತ್ತು.

ಖಾನಾಪುರದ ನಿಜವಾದ ಸಂಪತ್ತು ಅದರ ಮಣ್ಣು. ಮಡಕೆಗೂ ಹಂಚಿಗೂ ಇಟ್ಟಂಗಿಗೂ ಒದಗುವ ಮಣ್ಣದು. ಖಾದಿ ಗ್ರಾಮೋದ್ಯೋಗ ಆಯೋಗವು ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ನಮ್ಮೂರಿನಲ್ಲಿ ಇಟ್ಟಿರುವುದೇ ಇದಕ್ಕೆ ಸಾಕ್ಷಿ. ನನ್ನ ಅಜ್ಜ ತಿಗರಿ ತಿರುಗಿಸಿದವರು. ತಂದೆ ತಿಗರಿ ಬಿಟ್ಟು ಹಂಚಿನ ಕಾರ್ಖಾನೆ ಸೇರಿದರು. ಮಣ್ಣನ್ನು ಅರೆದು, ಅಚ್ಚಿಗೆ ಒತ್ತಿ, ನೆರಳಿನಲ್ಲಿ ಆರಿಸಿ, ಭಟ್ಟಿಯಲ್ಲಿ ಸುಡಬೇಕು. ಆರಿಸುವಾಗ ಅವಸರ ಮಾಡಿದರೆ ಹಂಚು ಸೊಟ್ಟಗಾಗುತ್ತದೆ. ಸುಟ್ಟ ಹಂಚನ್ನು ಬೆರಳಿನಿಂದ ಬಾರಿಸಿ, ಸಪ್ಪಳ ಕೇಳಿ, ಒಡಕಿದೆಯೋ ಇಲ್ಲವೋ ತಂದೆ ಹೇಳಬಲ್ಲರು. ಆದರೆ ಜನ ಸ್ಲ್ಯಾಬಿನ ಮನೆ ಕಟ್ಟತೊಡಗಿದರು. ಅಷ್ಟು ಅನುಕೂಲವಿಲ್ಲದವರು ತಗಡು ಹೊದಿಸಿದರು. ತಂದೆಯಿದ್ದ ಕಾರ್ಖಾನೆ ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ನಿಂತಿತು. ಅವರೀಗ ಗೋವೆಯಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಅವರು ಅಲ್ಲಿ ಹಾಕುವುದೂ ಸ್ಲ್ಯಾಬೇ. ನಮ್ಮ ಮನೆಯ ಮೇಲೆ ಮಾತ್ರ ಇನ್ನೂ ಅವರ ಕೈಯ ಹಂಚುಗಳಿವೆ.

ಜನಸಂಖ್ಯೆಯ ಮಾತನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಇದೇ ಕಾರಣ. 2001ರ ಗಣತಿಯಲ್ಲಿ ಖಾನಾಪುರ ಪಟ್ಟಣದ ಜನ ಸುಮಾರು ಹದಿನಾರೂವರೆ ಸಾವಿರ. 2011ರಲ್ಲಿ ಹದಿನೆಂಟು ಸಾವಿರಕ್ಕೆ ತುಸು ಹೆಚ್ಚು. ಹತ್ತು ವರ್ಷದಲ್ಲಿ ಎರಡು ಸಾವಿರ! ಅದೇ 2011ರಲ್ಲಿ ಬೆಳಗಾವಿ ನಗರದ ಜನ 4,88,000ದಷ್ಟು. ದೊಡ್ಡ ಮರದ ಬುಡದಲ್ಲಿ ಸಸಿ ಬೆಳೆಯುವುದು ಕಷ್ಟ. ದುಡಿಮೆಗೆ ಗೋವೆ, ಓದಿಗೆ ಬೆಳಗಾವಿ. ಎರಡಕ್ಕೂ ರೈಲಿದೆ, ಬಸ್ಸಿದೆ. ಕೂಡಿಸುವ ದಾರಿಯೇ ಕಳಿಸುವ ದಾರಿಯೂ ಆಗಿದೆ. 2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1ನ್ನು ಆಧಾರ ದಿನವಾಗಿ ಸರಕಾರ ಗೊತ್ತುಮಾಡಿದೆ.

ಕಳೆದ ದೀಪಾವಳಿಯ ರಜೆಯಲ್ಲಿ ಈ ವಿಷಯವನ್ನು ಮನೆಯಲ್ಲಿ ವಿವರಿಸಿದೆ. ನಮ್ಮ ಆಯಿ ಚಂದಗಡ ಕಡೆಯ ಮರಾಠಿ ಮನೆಯಿಂದ ಬಂದವಳು. ಅವ್ವ ಬೈಲಹೊಂಗಲ ಕಡೆಯವಳು. ಆಯಿ ದೇವರೊಡನೆ ಮರಾಠಿಯಲ್ಲಿ, ನಮ್ಮೊಡನೆ ಕನ್ನಡದಲ್ಲಿ ಮಾತಾಡುತ್ತಾಳೆ. ಗಣತಿಯವರು ಮಾತೃಭಾಷೆ ಯಾವುದೆಂದು ಪ್ರತಿಯೊಬ್ಬರಿಗೂ ಕೇಳುತ್ತಾರೆ, ಬಲ್ಲ ಬೇರೆ ಭಾಷೆಗಳನ್ನೂ ಬರೆದುಕೊಳ್ಳುತ್ತಾರೆ ಎಂದಾಗ ಅವಳಿಗೆ ಸಮಾಧಾನವಾಯಿತು. ಯಾರು ಎಲ್ಲಿ ವಾಸವಾಗಿರುವರೋ ಅಲ್ಲಿಯೇ ಅವರ ಲೆಕ್ಕ ಎಂಬ ನಿಯಮಕ್ಕೆ ಮಾತ್ರ ಅವಳು ಒಪ್ಪಲಿಲ್ಲ.

"ಹಂಗಾದ್ರ ನಮ್ಮ ಮನ್ಯಾಗ ಎಷ್ಟ ಮಂದಿ ಅಂತ ಹೇಳಬೇಕೋ?"

"ನೀನು, ಅವ್ವ, ಇಬ್ಬರs, ಆಯಿ. ಅಪ್ಪನ್ನ ಗೋವಾದಾಗ ಹಿಡೀತಾರ. ನಾ ಎಲ್ಲಿ ನೌಕರಿ ಹಿಡೀತೇನೋ ಅಲ್ಲಿ."

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾ ಅಂತೂ ನಾಕ ಮಂದಿ ಅಂತs ಹೇಳಾಕಿ. ಬರಕೊಂಡ್ರ ಬರಕೊಳ್ಳಲಿ, ಬಿಟ್ರ ಬಿಡಲಿ" ಎಂದು ಒಲೆಯ ಕಡೆ ಹೋದಳು. ಬಿ.ಎ. ಕೊನೆಯ ವರ್ಷದ ನಾನು ಅವಳ ಲೆಕ್ಕವನ್ನು ತಿದ್ದಲು ಹೋಗಲಿಲ್ಲ.