ಕಾರಿನ ಬಣ್ಣಕ್ಕೆ ಕ್ಲೇ: ಉಜ್ಜುವ ಕ್ರಮ, ಎಸೆಯುವ ಕಾಲ

ಶಾಂಪೂ ಹಾಕಿ ತೊಳೆದು, ಧಾರಾಳವಾಗಿ ನೀರು ಸುರಿದು, ಮೆದುಬಟ್ಟೆಯಿಂದ ಒರೆಸಿ ಒಣಗಿಸಿದ ಕಾರಿನ ಮೈಯನ್ನು, ತೆಳುವಾದ ಪ್ಲಾಸ್ಟಿಕ್ ಚೀಲವೊಂದನ್ನು ಕೈಗೆ ತೊಟ್ಟುಕೊಂಡು ಬೆರಳ ತುದಿಯಿಂದ ಮೆಲ್ಲನೆ ಸವರಿದರೆ, ಕಣ್ಣಿಗೆ ನಿರ್ಮಲವಾಗಿ ತೋರಿದ ಬಾನೆಟ್ಟೇ ಬೆರಳಿಗೆ ತರಿತರಿಯಾಗಿ ತಾಗುವುದುಂಟು. ಬರಿಗೈಯ ಚರ್ಮವು ನುಣುಪಾದ ಮೈಗೆ ಹತ್ತಿ ಹತ್ತಿ ಸಾಗುವುದರಿಂದ ಸೂಕ್ಷ್ಮವಾದ ಉಬ್ಬುಗಳು ಅದಕ್ಕೆ ತಿಳಿಯವು. ಪ್ಲಾಸ್ಟಿಕ್ಕು ಆ ಘರ್ಷಣೆಯನ್ನು ತಗ್ಗಿಸಿ ಉಬ್ಬನ್ನಷ್ಟೇ ಬೆರಳಿಗೆ ಮುಟ್ಟಿಸುತ್ತದೆ. ಬೆಂಗಳೂರಿನಲ್ಲಿ ರೈಲುಹಳಿಗೆ ಸಮೀಪದ ಬಡಾವಣೆಯೊಂದರಲ್ಲಿ ನಿಲ್ಲುವ ಕಾರನ್ನು ತೆಗೆದುಕೊಳ್ಳೋಣ: ಗಾಲಿಯೂ ಹಳಿಯೂ ಬ್ರೇಕೂ ಪರಸ್ಪರ ತೇಯ್ದು ಹಾರಿದ ಕಬ್ಬಿಣದ ಕಣಗಳು, ನೆರೆಮನೆಗೆ ಬಣ್ಣ ಸಿಂಪಡಿಸುವಾಗ ಗಾಳಿಯಲ್ಲಿ ಬಂದ ಹನಿಗಳು, ರಸ್ತೆಯ ಡಾಂಬರು, ಮರದ ಅಂಟು ಇವೆಲ್ಲವೂ ಬಣ್ಣಕ್ಕೆ ಕಚ್ಚಿಕೊಂಡಿದ್ದು, ತೊಳೆತಕ್ಕೆ ಜಗ್ಗದೆ ಉಳಿದಿರುತ್ತವೆ. ಇವನ್ನು ಕೀಳತಕ್ಕ ಸಾಧನವೇ ಡೀಟೇಲಿಂಗ್ ಕ್ಲೇ.

ಹೆಸರಿಗೆ ಕ್ಲೇ ಆದರೂ ಇದು ಮಣ್ಣಲ್ಲ. ಪಾಲಿಬ್ಯುಟೀನಿನಂತಹ ಮೆತ್ತನೆಯ ರಾಳದಲ್ಲಿ ಅತಿ ನುಣ್ಣನೆಯ ಉಜ್ಜುಪುಡಿಯನ್ನು ಕಲಸಿ ಮಾಡಿದ ಮುದ್ದೆ. ಜಪಾನಿನ ತಡಾವೊ ಕೊಡಾಟೆ ಎಂಬವರು ಇದನ್ನು ರೂಪಿಸಿ 1990ರ ದಶಕದಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರು. ನಯ, ಮಧ್ಯಮ, ಒರಟು ಎಂಬ ದರ್ಜೆಗಳಿವೆ. ಮನೆಯ ಕಾರಿಗೆ ನಯವಾದುದೇ ಸಾಕು.

ಜನರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಬಣ್ಣದ ರಂಧ್ರಗಳೊಳಗೆ ಅಡಗಿರುವ ಕೊಳೆಯನ್ನು ಕ್ಲೇ ಹೀರಿ ಹೊರಗೆಳೆಯುವುದೆಂದು ಬಹುಮಂದಿಯ ನಂಬಿಕೆ. ಒತ್ತಿದಷ್ಟೂ ಹೆಚ್ಚು ಹೀರೀತೆಂಬ ಭಾವನೆ ಆ ನಂಬಿಕೆಯಿಂದ ಹುಟ್ಟಿ, ಕೈಯ ಬಲವನ್ನೆಲ್ಲ ಅದರ ಮೇಲೆ ಹೇರುತ್ತಾರೆ. ವಾಸ್ತವದಲ್ಲಿ ಕ್ಲೇ ಏನನ್ನೂ ಹೀರುವುದಿಲ್ಲ. ಬಣ್ಣದ ಮಟ್ಟಕ್ಕಿಂತ ಮೇಲೆದ್ದ ಕಣಗಳನ್ನು ಅಡ್ಡಲಾಗಿ ಸವರಿ, ಕಿತ್ತು, ತನ್ನ ಮೈಯೊಳಗೆ ಹುದುಗಿಸಿಕೊಳ್ಳುತ್ತದೆ. ಲೂಬ್ರಿಕೆಂಟನ್ನಾಗಲಿ, ಕಾರಿನ ಶಾಂಪೂ ಬೆರೆಸಿದ ನೀರನ್ನಾಗಲಿ ಧಾರಾಳವಾಗಿ ಸಿಂಪಡಿಸಿದಾಗ ಬಣ್ಣಕ್ಕೂ ಕ್ಲೇಗೂ ನಡುವೆ ತೆಳುವಾದ ದ್ರವಪದರವೊಂದು ಹರಡುತ್ತದೆ. ಹಗುರವಾಗಿ ಹಿಡಿದ ಕ್ಲೇ ಅದರ ಮೇಲೆ ಜಾರುತ್ತ ಸಾಗುವಾಗ ಸಮತಟ್ಟಾದ ಬಣ್ಣವು ಬಹುಮಟ್ಟಿಗೆ ಉಜ್ಜಿಗೆ ಸಿಕ್ಕದೆ ಉಳಿದು, ಪದರವನ್ನು ಭೇದಿಸಿ ತಲೆಯೆತ್ತಿದ ಕಣವೇ ಅದರ ದಾರಿಗೆ ಅಡ್ಡಬರುತ್ತದೆ. ಒತ್ತಿದೊಡನೆ ಆ ದ್ರವವು ಪಕ್ಕಕ್ಕೆ ಸರಿಯುವುದು, ಕ್ಲೇ ಬಣ್ಣವನ್ನು ನೇರವಾಗಿ ಹಿಡಿಯುವುದು, ಆಗಲೇ ಕಿತ್ತು ಹುದುಗಿಸಿಕೊಂಡಿದ್ದ ಕಬ್ಬಿಣದ ಚೂರುಗಳು, ಬಣ್ಣದ ಮೇಲಣ ಪಾರದರ್ಶಕ ಕಾಪುಪದರವಾದ ಕ್ಲಿಯರ್‌ಕೋಟಿನ ಮೇಲೆ ಗೀರೆಳೆಯುತ್ತ ಹೋಗುವುವು. ಕ್ಲಿಯರ್‌ಕೋಟಿನ ದಪ್ಪವಾದರೂ ಎಷ್ಟು? ಸಾಮಾನ್ಯವಾಗಿ 50 ಮೈಕ್ರಾನಿನ ಆಸುಪಾಸು, ಎಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದಂಶ ಮಾತ್ರ.

ಈ ವಿವರಣೆಯಿಂದ ಇನ್ನೊಂದು ಸಂಗತಿಯೂ ತಾನಾಗಿ ಸಿದ್ಧಿಸುತ್ತದೆ. ಹಕ್ಕಿಯ ಹಿಕ್ಕೆ ಕೊರೆದ ಕಲೆ, ಕೊಳವೆಬಾವಿಯ ಗಡಸುನೀರು ಬಿಸಿಲಲ್ಲಿ ಒಣಗಿ ತಿಂದುಹಾಕಿದ ಉಂಗುರ, ಹಳೆಯ ಗೀರು ಇವು ಮಟ್ಟದಿಂದ ಕೆಳಗಿಳಿದ ಕುಳಿಗಳಾದುದರಿಂದ, ಎಷ್ಟು ಹೊತ್ತು ಉಜ್ಜಿದರೂ ಕ್ಲೇಗೆ ಎಟುಕವು. ಅದು ಪಾಲಿಷಿನ ಕೆಲಸ.

ಉಜ್ಜುವ ಕ್ರಮ ಸರಳ. ನೆರಳಿನಲ್ಲಿ, ಲೋಹ ಕೈಗೆ ತಣ್ಣಗಿರುವಾಗ, ಸುಮಾರು 50 ಗ್ರಾಮಿನ ತುಂಡನ್ನು ಚಪ್ಪಟೆ ಮಾಡಿಕೊಂಡು, ಎರಡಡಿ ಚದರದಷ್ಟು ಜಾಗವನ್ನು ತೇವಗೊಳಿಸಿ, ನೇರ ಗೆರೆಗಳಲ್ಲಿ ಹಿಂದಕ್ಕೂ ಮುಂದಕ್ಕೂ ಎಳೆಯುವುದು. ಮೊದಲು ಕ್ಲೇ ತಡೆತಡೆದು ಸರಸರನೆ ಸದ್ದು ಮಾಡುವುದು. ಸದ್ದಡಗಿ ನಿರಾಯಾಸವಾಗಿ ಜಾರತೊಡಗಿತೆಂದರೆ ಆ ಜಾಗದ ಕೆಲಸ ಮುಗಿಯಿತು. ಮೇಲ್ಛಾವಣಿಯಿಂದ ಆರಂಭಿಸಿ, ಡಾಂಬರು ಕೆಸರುಗಳಿಗೆ ಹೆಚ್ಚಾಗಿ ಗುರಿಯಾಗುವ ಬಾಗಿಲುಗಳ ಕೆಳಭಾಗಕ್ಕೆ ಕಟ್ಟಕಡೆಗೆ ಬರತಕ್ಕದ್ದು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಕ್ಲೇಯನ್ನು ಎಷ್ಟು ತಿಂಗಳಿಗೊಮ್ಮೆ ಬದಲಾಯಿಸಬೇಕು? ತಿಂಗಳ ಲೆಕ್ಕ ಇಲ್ಲಿ ನಡೆಯದು. ನೋಡಬೇಕಾದುದು ಅದರ ಮೈಯನ್ನು. ಒಂದೆರಡು ಜಾಗ ಮುಗಿಯುವಷ್ಟರಲ್ಲಿ ಅಡಿಯಲ್ಲಿ ಕಂದುಗಪ್ಪು ಗೆರೆಗಳು ಮೂಡುತ್ತವೆ. ಆಗ ರೊಟ್ಟಿಯ ಹಿಟ್ಟನ್ನು ನಾದುವಂತೆ ಮಡಿಸಿ ನಾದಿ ಹೊಸ ಮುಖವನ್ನು ಹೊರತರಬೇಕು. ಆದರೆ ನಾದುವುದರಿಂದ ಕೊಳೆ ಹೋಗುವುದಿಲ್ಲ, ಒಳಗೆ ಹಂಚಿಹೋಗುತ್ತದೆ ಅಷ್ಟೆ. ಎಷ್ಟು ಮಡಿಸಿದರೂ ಶುಭ್ರವಾದ ಮುಖ ಹೊರಬಾರದೆ ಮುದ್ದೆಯೆಲ್ಲ ಮಾಸಿದ ಒಂದೇ ಬಣ್ಣಕ್ಕೆ ತಿರುಗಿದಾಗ ಅದರ ಆಯುಸ್ಸು ತೀರಿತು. ಆ ಕ್ಷಣವನ್ನು ಗುರುತಿಸುವ ಸಲುವಾಗಿಯೇ ತಿಳಿಬಣ್ಣದ ಕ್ಲೇಯನ್ನು ಕೊಳ್ಳುವುದು ಜಾಣತನ. ಒಣಗಿ ಬಿರುಕುಬಿಟ್ಟುದನ್ನೂ ಎಸೆಯತಕ್ಕದ್ದು. ಹಾಗಾಗದಿರಲು ಲೂಬ್ರಿಕೆಂಟನ್ನು ತುಸು ಚಿಮುಕಿಸಿ ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ನೆಲಕ್ಕೆ ಬಿದ್ದ ಕ್ಲೇಯ ವಿಷಯದಲ್ಲಿ ಮಾತ್ರ ಯಾವ ವಿನಾಯಿತಿಯೂ ಸಲ್ಲದು. ಅಂದೇ ಕೊಂಡುದಾದರೂ, ಬೆಲೆಯುಳ್ಳದ್ದಾದರೂ, ಬಿದ್ದಿತೆಂದರೆ ಅದು ಬಣ್ಣವನ್ನು ಮತ್ತೆ ಮುಟ್ಟಕೂಡದು: ಮರಳಿನ ಸ್ಫಟಿಕಕಣಗಳು ಕ್ಲಿಯರ್‌ಕೋಟಿಗಿಂತ ಎಷ್ಟೋ ಪಾಲು ಗಡಸು, ಅಂಟುರಾಳದಲ್ಲಿ ಒಮ್ಮೆ ನೆಟ್ಟವು ನೀರಿನಿಂದ ತೊಳೆದರೆ ಹೋಗತಕ್ಕವಲ್ಲ. ಆದುದರಿಂದ ಕೆಲಸಕ್ಕೆ ಮೊದಲೇ ಮುದ್ದೆಯನ್ನು ನಾಲ್ಕು ತುಂಡು ಮಾಡಿಕೊಂಡವನು, ಕೈಜಾರಿದರೆ ನಾಲ್ಕರಲ್ಲೊಂದನ್ನು ಮಾತ್ರ ಕಳೆದುಕೊಳ್ಳುತ್ತಾನೆ. ಕ್ಲೇಯ ಗುಣವುಳ್ಳ ರಬ್ಬರುಮುಖದ ಕೈಗವಸುಗಳು ಈಗ ದೊರೆಯುತ್ತವೆ. ಬಿದ್ದರೆ ತೊಳೆದು ಬಳಸಬಹುದೆಂಬುದು ಅವುಗಳ ಅನುಕೂಲ, ಆದರೆ ಆ ಮುಖವು ಸವೆದು ಸುಲಿಯತೊಡಗಿದಾಗ ಅವನ್ನೂ ತ್ಯಜಿಸಬೇಕು.

ಕ್ಲೇ ಉಜ್ಜಿದಲ್ಲಿ ಹಳೆಯ ವ್ಯಾಕ್ಸೂ ಕಿತ್ತುಹೋಗುವುದರಿಂದ, ಅದೇ ದಿನ ಹೊಸ ವ್ಯಾಕ್ಸನ್ನು ಹಚ್ಚಿಬಿಡುವುದು ಕ್ಷೇಮ. ವರ್ಷಕ್ಕೆ ಒಂದೆರಡು ಸಲ, ಅದೂ ಚೀಲದ ಪರೀಕ್ಷೆಯಲ್ಲಿ ತರಿ ತೋರಿದರೆ ಮಾತ್ರ, ಈ ಉಪಚಾರ ಸಾಕು. ಹೊಳಪಿಲ್ಲದ ಮ್ಯಾಟ್ ಬಣ್ಣಕ್ಕಂತೂ ಇದು ಸಲ್ಲದು.

ಎಸೆಯುವ ಮುನ್ನ ಮಾಸಿದ ಆ ತುಂಡನ್ನು ಭೂತಗನ್ನಡಿಯಲ್ಲಿ ನೋಡಿರಿ, ಕಬ್ಬಿಣದ ಕಣಗಳನ್ನು ಕರಗಿಸುವ ಐರನ್ ರಿಮೂವರಿನ ಎರಡು ಹನಿ ಬಿಟ್ಟು ನೋಡಿರಿ; ಕಬ್ಬಿಣವಿದ್ದೆಡೆಯಲ್ಲಿ ದ್ರವ ನೇರಳೆಗೆ ತಿರುಗುವುದು. ಶಾಲೆಯ ಮಕ್ಕಳಿಗೆ ರಸಾಯನವನ್ನು ತೋರಿಸಲು ಇಷ್ಟು ಸುಲಭವಾದ ದೃಷ್ಟಾಂತಗಳು ವಿರಳ. ದ್ರವಪದರದ ವಿಚಾರವಾದರೋ ಇನ್ನೂ ಗಹನವಾದುದು: ರೈಲುಗಾಡಿಯ ಅಚ್ಚಿನ ಬೇರಿಂಗುಗಳಲ್ಲಿನ ಘರ್ಷಣೆಯ ಶೋಧದಲ್ಲಿ ಟವರ್ ಎಂಬ ಆಂಗ್ಲ ಎಂಜಿನಿಯರು ಪ್ರಯೋಗಗಳನ್ನು ನಡೆಸಲಾಗಿ, ಎಣ್ಣೆಯ ಪದರವೇ ಭಾರವನ್ನು ಹೊರುವುದು ಕಂಡುಬಂದು, ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಅದಕ್ಕೆ ಗಣಿತದ ನಿರೂಪಣೆಯನ್ನು ಕೊಟ್ಟರು, 1966ರಲ್ಲಿ ಬ್ರಿಟನ್ನಿನ ಜಾಸ್ಟ್ ವರದಿಯು ಘರ್ಷಣೆ, ಸವೆತ, ಜಾರಿಕೆಗಳ ಈ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರಿಟ್ಟಿತು. ಎಂಜಿನಿಯರಿಂಗ್ ಓದುವ ನಮ್ಮ ತರುಣರು ಪರೀಕ್ಷೆಗೆ ಬೇಕಾದಷ್ಟಕ್ಕೆ ನಿಲ್ಲದೆ ರೆನಾಲ್ಡ್ಸರ ಆ ಮೂಲಲೇಖನವನ್ನೇ ಹಿಡಿದು ಕುಳಿತು ಓದಬೇಕೆಂದೂ, ಓದಿದುದನ್ನು ಕನ್ನಡದಲ್ಲಿ ಬರೆಯಬೇಕೆಂದೂ ನಮ್ಮ ಹೃತ್ಪೂರ್ವಕವಾದ ಪ್ರಾರ್ಥನೆ.